ಕೈಯಾರೆ ಓಡಿಸಿದರೆ ನಡೆಯುವ ಪೈಥಾನ್ ಸ್ಕ್ರಿಪ್ಟ್, ಕ್ರಾನ್‌ನಲ್ಲಿ ‘ಅನುಮತಿ ಇಲ್ಲ’ ಎನ್ನುತ್ತಿದೆ

ಗಂಜ್_ಗುಮಾಸ್ತ, ರಾಯಚೂರು

ಇಲ್ಲಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದರ ಜೊತೆಗೆ ಕಂಪ್ಯೂಟರ್ ಕೆಲಸವೂ ನನ್ನದೇ. ಈಗ ಹತ್ತಿಯ ಆವಕ ಜೋರಾಗಿದೆ. ಮಾನ್ವಿ, ದೇವದುರ್ಗದ ಕಡೆಯಿಂದಲೂ ಗಡಿಯಾಚೆಯ ತೆಲಂಗಾಣದಿಂದಲೂ ಗಾಡಿಗಳು ಬರುತ್ತಿವೆ. ಟೆಂಡರ್ ಮುಗಿದು, ತೂಕವಾಗಿ, ತಕ್‌ಪಟ್ಟಿ (ಮಾಲಿನ ಲೆಕ್ಕದ ಚೀಟಿ) ಕೈಗೆ ಸಿಗುವವರೆಗೆ ರೈತರು ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತಿರುತ್ತಾರೆ. ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿದರೆ ರಾತ್ರಿ ಇಲ್ಲೇ ಕಳೆಯಬೇಕು. ಆದ್ದರಿಂದಲೇ ವಿವರವಾಗಿ ಬರೆಯುತ್ತಿದ್ದೇನೆ, ಬೇಸರಿಸಿಕೊಳ್ಳಬೇಡಿ.

ಅಂಗಡಿಯ ಅಟ್ಟದ ಮೇಲೆ ಒಂದು ಹಳೆಯ ಟವರ್ ಕಂಪ್ಯೂಟರ್ ಇದೆ, ಅದೇ ನಮ್ಮ ಸರ್ವರ್. ದಿನವೂ ಸಂಜೆ ಆರಕ್ಕೆ ಅದರಲ್ಲಿ ಒಂದು ಪೈಥಾನ್ ಸ್ಕ್ರಿಪ್ಟ್ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಲಿನಕ್ಸ್ ವ್ಯವಸ್ಥೆ) ಮೂಲಕ ಓಡುತ್ತದೆ. ಆ ದಿನದ ಲಾಟುಗಳನ್ನು ಡೇಟಾಬೇಸ್‌ನಿಂದ ಓದಿ, ಒಬ್ಬೊಬ್ಬ ರೈತರಿಗೂ ಒಂದೊಂದು ತಕ್‌ಪಟ್ಟಿಯನ್ನು ಪಿಡಿಎಫ್ ಮಾಡಿ, ಮಾಲೀಕರು ನೋಡುವ ಗೂಗಲ್ ಶೀಟ್‌ನಲ್ಲಿ ಸಾಲುಗಳನ್ನು ಸೇರಿಸುತ್ತದೆ. ತಿಂಗಳಿಗೊಂದು ಲಾಗ್ ಫೈಲ್ ಬರೆಯುತ್ತದೆ. ದೀಪಾವಳಿಯ ಹೊತ್ತಿಗೆ ಡಿಸ್ಕ್ ಕೆಟ್ಟು ಹೊಸ ಡಿಸ್ಕ್ ಹಾಕಿಸಿ, ಉಬುಂಟು 20.04 ಇದ್ದ ಕಡೆ 22.04 ಹಾಕಿದೆವು. ಸ್ಕ್ರಿಪ್ಟ್ ‘ಆಪ್ಟ್’ ಫೋಲ್ಡರ್‌ನಲ್ಲಿದೆ. ಅದನ್ನು ಓಡಿಸಲು ಮೊದಲಿನಂತೆಯೇ ‘ಪಟ್ಟಿ’ ಎಂಬ ಬೇರೆ ಬಳಕೆದಾರನನ್ನು ಮಾಡಿದ್ದೇನೆ. ಹೊಸ ಹಂಗಾಮಿಗೆ ಹೊಸ ಶೀಟ್, ಹೊಸ ಸರ್ವಿಸ್ ಅಕೌಂಟ್ (ಮನುಷ್ಯರ ಬದಲು ಪ್ರೋಗ್ರಾಂ ಬಳಸುವ ಗೂಗಲ್ ಖಾತೆ) ಕೀ. ಕೀ ಫೈಲ್ ನನ್ನ ಹೋಮ್ ಫೋಲ್ಡರ್‌ನಲ್ಲಿದೆ, ಅದರ ವಿಳಾಸ ನನ್ನ ‘ಬ್ಯಾಶ್‌ಆರ್‌ಸಿ’ಯಲ್ಲಿ ಒಂದು ಪರಿಸರ ಚರಾಂಶವಾಗಿ, ಅಂದರೆ ಪ್ರೋಗ್ರಾಂಗಳು ಓದಿಕೊಳ್ಳುವ ಮೌಲ್ಯವಾಗಿ ಇದೆ. ಚರಾಂಶ ಸಿಗದಿದ್ದರೆ ‘ಆಪ್ಟ್’ನಲ್ಲಿರುವ ಹಳೆಯ ಕೀಯನ್ನು ತೆಗೆದುಕೊಳ್ಳುವಂತೆ ಸ್ಕ್ರಿಪ್ಟ್‌ನಲ್ಲಿ ಬರೆಯಲಾಗಿದೆ.

ನಾನು ಲಾಗಿನ್ ಆಗಿ ಕೈಯಾರೆ ಓಡಿಸಿದರೆ ಏನೂ ತೊಂದರೆ ಇಲ್ಲ. ಕ್ರಾನ್‌ನಲ್ಲಿ ಮೊದಲು ಬಂದದ್ದು ಗೂಗಲ್‌ನಿಂದ 403, ಕೇಳಿದವರಿಗೆ ಅನುಮತಿ ಇಲ್ಲ ಎಂದು. ಚರಾಂಶವನ್ನು ಕ್ರಾನ್ ಸಾಲಿಗೇ ಸೇರಿಸಿದೆ. 403 ಹೋಗಿ ಕೀ ಫೈಲ್ ತೆರೆಯುವಾಗ ‘ಪರ್ಮಿಷನ್ ಎರರ್, ಎರ್ನೋ 13’ (ಅನುಮತಿ ಇಲ್ಲ ಎಂಬ ದೋಷ) ಬಂತು. ಆ ಫೈಲ್‌ನ ಅನುಮತಿ ನೋಡಿದರೆ 644, ಅಂದರೆ ಎಲ್ಲರೂ ಓದಬಹುದು! ಅದೇ ಸಾಲನ್ನು ರೂಟ್‌ನ (ಎಲ್ಲ ಅಧಿಕಾರವಿರುವ ಬಳಕೆದಾರನ) ಕ್ರಾನ್‌ಟ್ಯಾಬ್‌ಗೆ, ಅಂದರೆ ಕ್ರಾನ್ ಕೆಲಸಗಳ ಫೈಲ್‌ಗೆ ಹಾಕಿದಾಗ, ತಿಂಗಳ ಒಂದನೇ ತಾರೀಖು, ಚೆನ್ನಾಗಿ ನಡೆಯಿತು. ರೂಟ್‌ನಿಂದ ಓಡಿಸುವುದಕ್ಕೆ ಮನಸ್ಸೊಪ್ಪದೆ ಮತ್ತೆ ‘ಪಟ್ಟಿ’ಗೇ ತಂದೆ. ಈಗ ಲಾಗ್ ಫೈಲ್ ತೆರೆಯುವಲ್ಲೇ ಎರ್ನೋ 13 ಎಂದು ನಿಲ್ಲುತ್ತದೆ. ಒಂದೇ ಸ್ಕ್ರಿಪ್ಟ್ ಮೂರು ಕಡೆ ಮೂರು ತರಹ ಏಕೆ ತಡೆಯಲ್ಪಡುತ್ತಿದೆ?

ಲಿಂಗಸುಗೂರು_ಕೋಡ್

ಅಣ್ಣಾ, ಇಡೀ ಫೋಲ್ಡರ್‌ಗೆ ಸಿಎಚ್‌ಮೋಡ್ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟುಬಿಡಿ, ಒಳಗಿನ ಎಲ್ಲ ಫೈಲ್‌ಗಳಿಗೂ ಸೇರಿಸಿ. ಹೋಮ್ ಫೋಲ್ಡರ್‌ಗೂ ಕೊಡಿ. ಅದೂ ಆಗದಿದ್ದರೆ ರೂಟ್‌ನಲ್ಲೇ ಬಿಡಿ. ಅಂಗಡಿಯ ಒಳಗಿನ ಸರ್ವರ್ ತಾನೇ, ಹೊರಗಿನವರು ಯಾರು ಬರುತ್ತಾರೆ?

ಕೌಲ್‌ಬಜಾರ್_ಸರ್ವರ್, ಬಳ್ಳಾರಿ

777 ದಯವಿಟ್ಟು ಬೇಡ. ಲಿಂಗಸುಗೂರಿನ ತಮ್ಮ ಸಹಾಯ ಮಾಡಲೆಂದೇ ಹೇಳಿದ್ದಾರೆ, ಆದರೂ ಇದನ್ನು ಒಪ್ಪಲಾರೆ. ಆ ಪಿಡಿಎಫ್‌ಗಳಲ್ಲಿ ರೈತರ ಹೆಸರು, ಮೊಬೈಲ್ ಸಂಖ್ಯೆ, ಬಹುಶಃ ಬ್ಯಾಂಕ್ ಖಾತೆಯೂ ಇರುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದೇ 2023ರಲ್ಲಿ ಕಾನೂನು ಬಂದಿದೆ. ಕಾನೂನಿನ ಮಾತು ಹಾಗಿರಲಿ, ಹತ್ತಿ ತಂದ ಮನುಷ್ಯ ನಮ್ಮನ್ನು ನಂಬಿ ಖಾತೆಯ ಸಂಖ್ಯೆ ಕೊಟ್ಟಿರುತ್ತಾನೆ. ಕೀ ಫೈಲ್ ಇನ್ನೂ ಸೂಕ್ಷ್ಮ. ಅದನ್ನು ಓದಬಲ್ಲ ಯಾರೇ ಆಗಲಿ, ಜಗತ್ತಿನ ಯಾವ ಮೂಲೆಯಲ್ಲೇ ಇರಲಿ, ನಿಮ್ಮ ಸರ್ವಿಸ್ ಅಕೌಂಟ್ ಆಗಿ ವರ್ತಿಸಬಹುದು. ಇನ್ನು ಹೋಮ್ ಫೋಲ್ಡರ್‌ಗೆ 777 ಕೊಟ್ಟರೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಕೀ ಬಳಸಿ ಲಾಗಿನ್ ಆಗುವುದೇ ನಿಂತುಹೋಗುತ್ತದೆ. ಬೇರೆಯವರು ಬರೆಯಬಹುದಾದ ಹೋಮ್ ಫೋಲ್ಡರ್‌ನೊಳಗಿನ ಕೀಗಳನ್ನು ಎಸ್‌ಎಸ್‌ಎಚ್ ಸರ್ವರ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ನಂಬುವುದಿಲ್ಲ. ಇಷ್ಟೆಲ್ಲ ಮಾಡಿದರೂ 403 ಹಾಗೇ ಉಳಿಯುತ್ತದೆ, ಏಕೆಂದರೆ ಅದನ್ನು ಹೇಳುತ್ತಿರುವುದು ನಿಮ್ಮ ಡಿಸ್ಕ್ ಅಲ್ಲ.

ನನ್ನ ಕೆಲಸ ಇಲ್ಲಿನ ಜೀನ್ಸ್ ಹೊಲಿಗೆ ಘಟಕಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದು. ಒಂದು ಘಟಕದಲ್ಲಿ ಯಾರೋ ಬಟವಾಡೆಯ ಸ್ಕ್ರಿಪ್ಟ್ ಅನ್ನು ರೂಟ್‌ಗೆ ಹಾಕಿಟ್ಟಿದ್ದರು. ಎಷ್ಟು ಪೀಸ್ ಹೊಲಿದರು, ಎಷ್ಟು ಕೂಲಿ ಎಂಬ ವಾರದ ಪಟ್ಟಿ ರೂಟ್‌ನ ಹೆಸರಿನಲ್ಲಿ ತಯಾರಾಯಿತು. ಶನಿವಾರ ಗುಮಾಸ್ತರಿಗೆ ಅದನ್ನು ತೆರೆಯಲಾಗಲಿಲ್ಲ. ಹೊಲಿಗೆಯವರು ಸಂತೆಗೆ ಹೋಗಲು ದುಡ್ಡಿಗಾಗಿ ಕಾದು ನಿಂತರು. ಅಂದಿನಿಂದ ಯಾವುದೇ ಅನುಮತಿಯ ದೋಷ ಬಂದರೂ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಈ ಕ್ಷಣದಲ್ಲಿ ಸ್ಕ್ರಿಪ್ಟ್ ಯಾರ ಹೆಸರಿನಲ್ಲಿ ಓಡುತ್ತಿದೆ? ಬೇಡ ಎನ್ನುತ್ತಿರುವವರು ಯಾರು? ಇವೆರಡು ಗೊತ್ತಾಗುವ ಮೊದಲು ಒಂದೇ ಒಂದು ಅನುಮತಿಯನ್ನೂ ಬದಲಿಸಬೇಡಿ.

ನಿಮ್ಮ ಸ್ಕ್ರಿಪ್ಟ್‌ಗೆ ಎರಡು ಗುರುತುಗಳಿವೆ. ಲಿನಕ್ಸ್‌ಗೆ ಅದು ‘ಪಟ್ಟಿ’ ಅಥವಾ ನೀವು ಅಥವಾ ರೂಟ್. ಗೂಗಲ್‌ಗೆ ಅದು ಯಾವುದೋ ಒಂದು ಸರ್ವಿಸ್ ಅಕೌಂಟ್. ಕೈಯಾರೆ ಓಡಿಸಿದಾಗ ಒಂದು ಜೋಡಿ, ಕ್ರಾನ್‌ನಲ್ಲಿ ಇನ್ನೊಂದು ಜೋಡಿ. ಊಹೆ ಬೇಡ, ಸ್ಕ್ರಿಪ್ಟ್‌ನ ಮೊದಲಲ್ಲೇ, ಲಾಗ್ ತೆರೆಯುವುದಕ್ಕೂ ಮುಂಚೆ, ಮೂರು ವಿಷಯಗಳನ್ನು ಮುದ್ರಿಸಿ: ‘ಓಎಸ್’ ಮಾಡ್ಯೂಲ್‌ನ ‘ಗೆಟ್‌ಇಯುಐಡಿ’ ಕೊಡುವ ಬಳಕೆದಾರ ಸಂಖ್ಯೆ, ಆಯ್ಕೆಯಾದ ಕೀ ಫೈಲ್‌ನ ಪೂರ್ಣ ವಿಳಾಸ, ಆ ಫೈಲ್ ತೆರೆದ ಮೇಲೆ ಅದರೊಳಗಿನ ‘ಕ್ಲೈಂಟ್ ಇಮೇಲ್’. ಕೀಯ ಉಳಿದ ಭಾಗವನ್ನು ಯಾವ ಕಾರಣಕ್ಕೂ ಮುದ್ರಿಸಬೇಡಿ.

403 ವಿಷಯ. ಕ್ರಾನ್ ನಿಮ್ಮ ‘ಬ್ಯಾಶ್‌ಆರ್‌ಸಿ’ಯನ್ನು ಓದುವುದಿಲ್ಲ. ಅದು ಬರೀ ನೀವು ಟರ್ಮಿನಲ್ ತೆರೆದಾಗ ಓಡುವ ಫೈಲ್, ಅದೂ ನಿಮ್ಮ ಹೆಸರಿನದು. ಚರಾಂಶ ಸಿಗಲಿಲ್ಲ, ಸ್ಕ್ರಿಪ್ಟ್ ಬರೆದಂತೆಯೇ ಹಳೆಯ ಕೀ ತೆಗೆದುಕೊಂಡಿತು. ಹಳೆಯ ಸರ್ವಿಸ್ ಅಕೌಂಟ್ ಹೊಸ ಶೀಟ್‌ಗೆ ಅಪರಿಚಿತ, ಗೂಗಲ್ ಬೇಡ ಎಂದಿತು. ಗೂಗಲ್ ಹೇಳಿದ್ದು ಸರಿಯಾಗಿಯೇ ಇದೆ. ಸರ್ವಿಸ್ ಅಕೌಂಟ್ ತನ್ನಷ್ಟಕ್ಕೆ ತಾನೇ ಒಬ್ಬ ಬಳಕೆದಾರ. ಶೀಟ್‌ನ ಮಾಲೀಕರು ಅದರ ಇಮೇಲ್ ವಿಳಾಸಕ್ಕೆ ಎಡಿಟರ್ ಆಗಿ ಶೇರ್ ಮಾಡದ ಹೊರತು ಅದಕ್ಕೆ ಬರೆಯಲು ಬರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಶೀಟ್ಸ್ ಎಪಿಐ (ಪ್ರೋಗ್ರಾಂಗಳು ಶೀಟ್ ಬಳಸುವ ದಾರಿ) ಆನ್ ಮಾಡದಿದ್ದರೂ 403 ಬರುತ್ತದೆ, ಓದಲು ಮಾತ್ರ ಇರುವ ಸ್ಕೋಪ್ (ಸ್ಕ್ರಿಪ್ಟ್ ಕೇಳುವ ಅನುಮತಿಯ ವ್ಯಾಪ್ತಿ) ಹಾಕಿ ಬರೆಯಲು ಹೋದರೂ 403 ಬರುತ್ತದೆ. ಸಂಖ್ಯೆ ಒಂದೇ, ಪಕ್ಕದ ಸಂದೇಶ ಬೇರೆ. ಸಂದೇಶವನ್ನು ಪೂರ್ತಿ ಓದಿ. 401 ಬಂದಿದ್ದರೆ ಕಥೆಯೇ ಬೇರೆ ಇರುತ್ತಿತ್ತು. ಆಗ ನೀವು ಯಾರೆಂಬುದೇ ಅದಕ್ಕೆ ಖಚಿತವಾಗಿಲ್ಲ, ಟೋಕನ್ ಅಥವಾ ಕೀ ನೋಡಬೇಕು. 403ರಲ್ಲಿ ಕೀಯನ್ನು ಮತ್ತೆ ಮತ್ತೆ ಹೊಸದಾಗಿ ಮಾಡುತ್ತಾ ಕೂತವರನ್ನು ಕಂಡಿದ್ದೇನೆ, ಅದರಿಂದ ಏನೂ ಆಗದು.

ಈಗ ನಿಮ್ಮ ಆಶ್ಚರ್ಯಸೂಚಕದ ವಿಷಯ: 644 ಇರುವ ಫೈಲ್‌ಗೆ ಎರ್ನೋ 13. ಇದನ್ನು ಹೇಳುತ್ತಿರುವುದು ನಿಮ್ಮದೇ ಕಂಪ್ಯೂಟರಿನ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಒಂದು ಫೈಲ್ ತಲುಪಲು ದಾರಿಯಲ್ಲಿರುವ ಪ್ರತಿ ಫೋಲ್ಡರ್‌ನಲ್ಲೂ ಹಾದುಹೋಗುವ ಅನುಮತಿ ಬೇಕು. ಗಂಜಿನ ಗೇಟಿನಲ್ಲೇ ಗಾಡಿ ತಡೆದರೆ ಅಂಗಡಿಯ ಬಾಗಿಲು ತೆರೆದಿದ್ದೂ ಉಪಯೋಗವಿಲ್ಲ. ಉಬುಂಟು 21.04ರಿಂದ ಹೊಸದಾಗಿ ಮಾಡುವ ಹೋಮ್ ಫೋಲ್ಡರ್‌ಗಳ ಅನುಮತಿ 750. ಮಾಲೀಕನಿಗೆ ಎಲ್ಲವೂ, ಗುಂಪಿಗೆ ಓದುವುದು ಮತ್ತು ಹಾದುಹೋಗುವುದು, ಉಳಿದವರಿಗೆ ಸೊನ್ನೆ. ಅದಕ್ಕೆ ಮುಂಚೆ 755 ಇರುತ್ತಿತ್ತು. 20.04ರಲ್ಲಿ ‘ಪಟ್ಟಿ’ ನಿಮ್ಮ ಹೋಮ್ ಮೂಲಕ ಸಲೀಸಾಗಿ ಹಾದುಹೋಗುತ್ತಿದ್ದ, ಹೊಸದಾಗಿ 22.04 ಹಾಕಿದ ಮೇಲೆ ಆ ದಾರಿ ಮುಚ್ಚಿದೆ. ಇದನ್ನು ಕಣ್ಣಾರೆ ನೋಡಲು ಎನ್-ಎ-ಎಂ-ಇ-ಐ ಎಂಬ ಆಜ್ಞೆಗೆ ‘-ಎಲ್’ ಸೇರಿಸಿ ಕೀಯ ಪೂರ್ಣ ವಿಳಾಸ ಕೊಡಿ, ‘ಸುಡೊ -ಯು ಪಟ್ಟಿ’ ಮುಂದೆ ಹಾಕಿ. ಮೂಲದಿಂದ ಕೊನೆಯವರೆಗೆ ಪ್ರತಿ ಹಂತದ ಮಾಲೀಕ, ಗುಂಪು, ಅನುಮತಿ ಒಂದರ ಕೆಳಗೊಂದು ಬರುತ್ತದೆ. ಎಲ್ಲಿ ನಿಲ್ಲುತ್ತದೆಯೋ ಅಲ್ಲೇ ತಡೆ ಇದೆ. ಇಷ್ಟು ಒಳ್ಳೆಯ ಆಜ್ಞೆ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ನನಗೆ ನಿಜಕ್ಕೂ ಬೇಸರ.

ಲಾಗ್ ಸರಳ. ಒಂದನೇ ತಾರೀಖು ರೂಟ್‌ನಿಂದ ಓಡಿದಾಗ ಆ ತಿಂಗಳ ಲಾಗ್ ಹೊಸದಾಗಿ ಹುಟ್ಟಿತು, ರೂಟ್‌ನ ಹೆಸರಿನಲ್ಲಿ. ‘ಪಟ್ಟಿ’ ಅದಕ್ಕೆ ಬರೆಯಲಾರ. ಅಂದಿನ ಪಿಡಿಎಫ್‌ಗಳ ಮಾಲೀಕ ಯಾರೆಂದೂ ನೋಡಿ.

ಸರಿಪಡಿಸುವ ದಾರಿ ಹೀಗೆ. ಕೀಯನ್ನು ಹೋಮ್‌ನಿಂದ ತೆಗೆದು ‘ಇಟಿಸಿ’ ಒಳಗೆ ಅದಕ್ಕೇ ಒಂದು ಫೋಲ್ಡರ್ ಮಾಡಿ ಇಡಿ. ಫೋಲ್ಡರ್ 700, ಕೀ 400, ಎರಡಕ್ಕೂ ಮಾಲೀಕ ‘ಪಟ್ಟಿ’. ಹೋಮ್ ಫೋಲ್ಡರ್‌ನ 750 ಹಾಗೇ ಇರಲಿ, ಅದು ಒಳ್ಳೆಯ ಬದಲಾವಣೆ. ಹಳೆಯ ಕೀಗೆ ಬೀಳುವ ಸಾಲನ್ನು ಸ್ಕ್ರಿಪ್ಟ್‌ನಿಂದ ಅಳಿಸಿ. ಚರಾಂಶ ಇಲ್ಲದಿದ್ದರೆ ಅಲ್ಲೇ ಸ್ಪಷ್ಟ ದೋಷ ಕೊಟ್ಟು ನಿಲ್ಲಲಿ. ಸದ್ದಿಲ್ಲದೆ ಬೇರೆಯವರ ಗುರುತು ತೊಟ್ಟುಕೊಂಡು ಮುಂದೆ ಹೋಗುವ ಸ್ಕ್ರಿಪ್ಟ್ ಕೆಟ್ಟುಹೋದ ಸ್ಕ್ರಿಪ್ಟ್‌ಗಿಂತ ಅಪಾಯ.

ಆಮೇಲೆ ಕ್ರಾನ್ ಬಿಟ್ಟು ಸಿಸ್ಟಮ್‌ಡಿ (ಉಬುಂಟುವಿನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೇವೆ ಮತ್ತು ಟೈಮರ್ ಮಾಡಿಕೊಳ್ಳಿ. ಸೇವೆಯ ಫೈಲ್‌ನಲ್ಲಿ ‘ಯೂಸರ್’ ಪಟ್ಟಿ ಎಂದೂ ‘ಗ್ರೂಪ್’ ಅಂಗಡಿ ಎಂದೂ ಬರೆಯಿರಿ, ತಕ್‌ಪಟ್ಟಿ ಮುದ್ರಿಸುವವರನ್ನು ‘ಅಂಗಡಿ’ ಗುಂಪಿಗೆ ಸೇರಿಸಿ. ಕೀಯ ವಿಳಾಸವನ್ನು ‘ಎನ್ವಿರಾನ್‌ಮೆಂಟ್’ ಸಾಲಿನಲ್ಲಿ ಕೊಡಿ. ‘ಲಾಗ್ಸ್‌ಡೈರೆಕ್ಟರಿ’, ‘ಸ್ಟೇಟ್‌ಡೈರೆಕ್ಟರಿ’ ಎಂದು ಹೆಸರು ಕೊಟ್ಟರೆ ಲಾಗ್ ಮತ್ತು ಪಿಡಿಎಫ್‌ಗಳ ಫೋಲ್ಡರ್‌ಗಳನ್ನು ಸಿಸ್ಟಮ್‌ಡಿಯೇ ಸರಿಯಾದ ಮಾಲೀಕನ ಹೆಸರಿನಲ್ಲಿ ಮಾಡಿಕೊಡುತ್ತದೆ. ಸ್ಕ್ರಿಪ್ಟ್ ಅಲ್ಲಿಗೇ ಬರೆಯುವಂತೆ ಬದಲಿಸಿಕೊಳ್ಳಿ. ಆ ಎರಡಕ್ಕೂ ‘ಮೋಡ್’ 0750, ಮತ್ತು ‘ಯುಮಾಸ್ಕ್’ (ಹೊಸ ಫೈಲ್‌ಗಳಿಗೆ ಕೊಡದೆ ಬಿಡುವ ಅನುಮತಿ) 0027 ಇಟ್ಟರೆ ಹೊಸ ಪಿಡಿಎಫ್‌ಗಳನ್ನು ಗುಂಪಿನವರು ಓದಬಹುದು, ತಿದ್ದಲಾಗದು, ಹೊರಗಿನವರಿಗೆ ಕಾಣಿಸುವುದೂ ಇಲ್ಲ. ಟೈಮರ್‌ನಲ್ಲಿ ‘ಪರ್ಸಿಸ್ಟೆಂಟ್’ ಎಂಬುದನ್ನು ಸತ್ಯ ಎಂದಿಡಿ. ಆರು ಗಂಟೆಗೆ ಕರೆಂಟ್ ಹೋಗಿ ಸರ್ವರ್ ಆಫ್ ಆಗಿದ್ದರೆ, ಮತ್ತೆ ಆನ್ ಆದಾಗ ತಪ್ಪಿದ ಓಟವನ್ನು ಅದು ತಾನೇ ಮುಗಿಸುತ್ತದೆ. ನಮ್ಮ ಕಡೆಯ ಊರುಗಳಲ್ಲಿ ಇದೊಂದು ಸಾಲಿಗಾಗಿಯೇ ಕ್ರಾನ್ ಬಿಡಬಹುದು.

ವೇಬ್ರಿಡ್ಜ್_ಗಂಗಾವತಿ, ಕೊಪ್ಪಳ

ಮೇಡಂ ಹೇಳಿದ್ದರಲ್ಲಿ ಏನೂ ಬಿಟ್ಟಿಲ್ಲ. ಅದಕ್ಕೆ ಹತ್ತಿರದ ಒಂದೆರಡು ಮಾತು, ಮುಂದೆ ಯಾರಿಗಾದರೂ ಬೇಕಾದೀತು.

ನಾನು ಅಕ್ಕಿ ಗಿರಣಿಯಲ್ಲಿದ್ದೇನೆ. ವೇಬ್ರಿಡ್ಜ್‌ನ ತೂಕವನ್ನು ಯುಎಸ್‌ಬಿ ಮೂಲಕ ಪೈಥಾನ್ ಓದುತ್ತದೆ. ಅಲ್ಲೂ ಇದೇ ಎರ್ನೋ 13 ಬರುತ್ತದೆ, ಏಕೆಂದರೆ ಉಬುಂಟುವಿನಲ್ಲಿ ಸೀರಿಯಲ್ ಪೋರ್ಟ್ ಸಾಧನಗಳು ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿರುತ್ತವೆ. ಸ್ಕ್ರಿಪ್ಟ್ ಓಡಿಸುವ ಬಳಕೆದಾರನನ್ನು ಆ ಗುಂಪಿಗೆ ಸೇರಿಸಿದರೆ ಸಾಕು, ಸಾಧನದ ಅನುಮತಿ ಮುಟ್ಟಬೇಕಿಲ್ಲ. ಮುಟ್ಟಿದರೂ ಕೇಬಲ್ ತೆಗೆದು ಹಾಕಿದೊಡನೆ ಮೊದಲಿನಂತಾಗುತ್ತದೆ. ಗುಂಪಿಗೆ ಸೇರಿಸಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಒಳಗೆ ಬರಬೇಕು. ಈಗಾಗಲೇ ತೆರೆದಿರುವ ಸೆಷನ್‌ಗೆ ಹೊಸ ಗುಂಪು ತಿಳಿಯುವುದಿಲ್ಲ. ಭತ್ತದ ಸುಗ್ಗಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಈ ಒಂದು ವಿಷಯ ಗೊತ್ತಿಲ್ಲದೆ ಹೊತ್ತು ಹಾಳಾಗುವುದು ಬೇಡ.

ಇನ್ನೊಂದು, ನಿಮ್ಮದು ಹಳೆಯ ಟವರ್ ಎಂದಿರಿ. ಮದರ್‌ಬೋರ್ಡ್‌ನ ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ತಪ್ಪಾಗಿರುತ್ತದೆ. ಸರ್ವಿಸ್ ಅಕೌಂಟ್ ಗೂಗಲ್‌ಗೆ ಕಳಿಸುವ ಸಹಿ ಮಾಡಿದ ವಿನಂತಿಯಲ್ಲಿ ಹೊರಟ ಸಮಯ, ಮುಗಿಯುವ ಸಮಯ ಇರುತ್ತವೆ, ಹೆಚ್ಚೆಂದರೆ ಒಂದು ಗಂಟೆಯ ಅವಧಿ. ನಿಮ್ಮ ಗಡಿಯಾರ ಬಹಳ ಹಿಂದೆ ಮುಂದೆ ಇದ್ದರೆ ‘ಇನ್ವ್ಯಾಲಿಡ್ ಗ್ರ್ಯಾಂಟ್’ ಎಂದು ತಳ್ಳಿಹಾಕುತ್ತದೆ. ಕೀ, ಶೇರಿಂಗ್ ಎಲ್ಲ ಸರಿಯಿದ್ದೂ ಹಾಗೆ ಬಂದರೆ ಮೊದಲು ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆ ಕೊಟ್ಟು ಗಡಿಯಾರ ನೋಡಿ.

ಗಂಜ್_ಗುಮಾಸ್ತ, ರಾಯಚೂರು

ಮೇಡಂ, ಗಂಗಾವತಿಯವರೇ, ಇಬ್ಬರಿಗೂ ವಂದನೆಗಳು. ಸಂಜೆ ಗಂಜ್ ಖಾಲಿಯಾದ ಮೇಲೆ ಕುಳಿತು ಒಂದೊಂದಾಗಿ ನೋಡಿದೆ.

ಎನ್-ಎ-ಎಂ-ಇ-ಐ ಆಜ್ಞೆ ‘ಹೋಮ್’ ದಾಟಿ ನನ್ನ ಹೆಸರಿನ ಫೋಲ್ಡರ್‌ವರೆಗೆ ಬಂದು ಅಲ್ಲೇ ನಿಂತಿತು. ಆ ಫೋಲ್ಡರ್‌ನ ಅನುಮತಿಯಲ್ಲಿ ಕೊನೆಯ ಮೂರೂ ಜಾಗಗಳಲ್ಲಿ ಬರೀ ಗೆರೆ, ಮುಂದಿನ ಹಂತದಲ್ಲಿ ‘ಪರ್ಮಿಷನ್ ಡಿನೈಡ್’. 644 ನೋಡಿ ಫೈಲ್ ಮೇಲೆಯೇ ಕಣ್ಣಿಟ್ಟಿದ್ದವನಿಗೆ ಇದು ತುಂಬ ದೊಡ್ಡ ಉಪಕಾರ. ಲಾಗ್ ಫೈಲ್ ರೂಟ್‌ನ ಹೆಸರಿನಲ್ಲೇ ಇತ್ತು, ಒಂದನೇ ತಾರೀಖಿನ ತಕ್‌ಪಟ್ಟಿಗಳೂ ಅಷ್ಟೇ. ಮಾಲೀಕನನ್ನು ಬದಲಿಸುವ ಸಿಎಚ್‌ಓನ್ ಆಜ್ಞೆಯಿಂದ ಎಲ್ಲವನ್ನೂ ‘ಪಟ್ಟಿ’ಗೆ ಮರಳಿಸಿದೆ. ಕ್ಲೈಂಟ್ ಇಮೇಲ್ ಮುದ್ರಿಸಿದಾಗ ನೀವು ಹೇಳಿದ ಎರಡು ಜೋಡಿ ಸ್ಪಷ್ಟವಾಗಿ ಕಾಣಿಸಿತು: ನಾನು ಓಡಿಸಿದರೆ ಹೊಸ ವಿಳಾಸ, ಚರಾಂಶವಿಲ್ಲದ ಕ್ರಾನ್‌ನಲ್ಲಿ ಹಳೆಯ ವಿಳಾಸ.

ಸೇವೆ ಮತ್ತು ಟೈಮರ್ ಮಾಡಿದೆ. ಇಂದು ಆರಕ್ಕೆ ಸರಿಯಾಗಿ ಓಡಿತು, ಶೀಟ್‌ಗೆ ಸಾಲುಗಳು ಬಿದ್ದವು. ಆದರೆ ಅದೇ ಕಂಪ್ಯೂಟರ್‌ನಲ್ಲಿ ತಮ್ಮ ಲಾಗಿನ್‌ನಿಂದ ಮುದ್ರಿಸುವ ಹಿರಿಯ ಗುಮಾಸ್ತರಿಗೆ ಪಿಡಿಎಫ್ ಫೋಲ್ಡರ್ ತೆರೆಯಲಿಲ್ಲ. ಗಂಗಾವತಿಯವರ ಮಾತು ನೆನಪಾಗಿ ಲಾಗ್‌ಔಟ್ ಮಾಡಿಸಿ ಮತ್ತೆ ಲಾಗಿನ್ ಮಾಡಿಸಿದೆ, ತೆರೆಯಿತು. ಗಡಿಯಾರ ಸರಿಯಾಗಿದೆ, ಆದರೂ ಬ್ಯಾಟರಿ ಬದಲಿಸಲು ಹೇಳಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಹಳೆಯ ಕೀ, ಮೊದಲು ಈ ಸ್ಕ್ರಿಪ್ಟ್ ಬರೆದುಕೊಟ್ಟವರ ಗೂಗಲ್ ಪ್ರಾಜೆಕ್ಟ್‌ನದು. ಫೈಲ್ ಅಳಿಸಿದೆ. ಅಷ್ಟು ಸಾಕೇ?

ಕೌಲ್‌ಬಜಾರ್_ಸರ್ವರ್, ಬಳ್ಳಾರಿ

ಓಡಿತಲ್ಲ, ತುಂಬ ಸಂತೋಷ.

ಸಾಲದು. ಫೈಲ್ ಅಳಿಸಿದರೆ ನಿಮ್ಮ ಡಿಸ್ಕ್‌ನಲ್ಲಿರುವ ಒಂದು ಪ್ರತಿ ಮಾತ್ರ ಹೋಯಿತು. ಗೂಗಲ್ ಕಡೆ ಆ ಕೀ ಇನ್ನೂ ಚಾಲ್ತಿಯಲ್ಲಿದೆ, ಇನ್ನೊಂದು ಪ್ರತಿ ಯಾರ ಬಳಿ ಇದ್ದರೂ ಅದು ಕೆಲಸ ಮಾಡುತ್ತದೆ. ಕೀಯನ್ನು ರದ್ದು ಮಾಡಲು ಪ್ರಾಜೆಕ್ಟ್‌ನ ಮಾಲೀಕರಿಗೆ ಅಥವಾ ಅದರಲ್ಲಿ ಆ ಅಧಿಕಾರ ಇರುವವರಿಗೆ ಮಾತ್ರ ಸಾಧ್ಯ. ಅವರಿಗೆ ಹೇಳಿ ಮಾಡಿಸಿ. ಅವರು ಸಿಗಲಿ ಬಿಡಲಿ, ನಿಮ್ಮ ಕೈಯಲ್ಲಿರುವುದನ್ನು ಇಂದೇ ಮಾಡಿ: ಹಿಂದಿನ ಹಂಗಾಮಿನ ಶೀಟ್‌ಗಳನ್ನು ತೆರೆದು ಶೇರಿಂಗ್ ಪಟ್ಟಿಯಿಂದ ಆ ಹಳೆಯ ಇಮೇಲ್ ವಿಳಾಸವನ್ನು ತೆಗೆಯಿರಿ. ಶೀಟ್‌ಗಳು ಒಂದು ಡ್ರೈವ್ ಫೋಲ್ಡರ್‌ನೊಳಗಿದ್ದರೆ ಆ ಫೋಲ್ಡರ್‌ನ ಶೇರಿಂಗ್ ಅನ್ನೂ ನೋಡಿ, ಫೋಲ್ಡರ್‌ಗೆ ಕೊಟ್ಟ ಅನುಮತಿ ಒಳಗಿನ ಶೀಟ್‌ಗಳಿಗೆಲ್ಲ ಹರಿಯುತ್ತದೆ. ‘ಲಿಂಕ್ ಇರುವ ಯಾರಾದರೂ’ ಎಂದು ಇಟ್ಟಿದ್ದರೆ ಅದನ್ನೂ ಮುಚ್ಚಿ. ಹೊಸ ಕೀ ನನ್ನ ಪ್ರಕಾರ ಅಂಗಡಿಯ ಹೆಸರಿನ ಪ್ರಾಜೆಕ್ಟ್‌ನಲ್ಲಿರಬೇಕು, ಕೆಲಸದವರ ಸ್ವಂತ ಖಾತೆಯಲ್ಲಿ ಅಲ್ಲ. ನಿಮ್ಮದು ಹೇಗಿದೆಯೋ ನೋಡಿಕೊಳ್ಳಿ. ಹಾಗೆಯೇ ನಿಮ್ಮ ಹೋಮ್‌ನಲ್ಲಿದ್ದ ಹೊಸ ಕೀಯ ಮೂಲ ಪ್ರತಿ ಅಲ್ಲೇ ಉಳಿದಿದೆಯೇ, ಡೌನ್‌ಲೋಡ್ ಫೋಲ್ಡರ್‌ನಲ್ಲೂ ಒಂದು ಇದೆಯೇ ಎಂದು ಹುಡುಕಿ.

ಗಂಜ್_ಗುಮಾಸ್ತ, ರಾಯಚೂರು

ನೋಡಿದೆ ಮೇಡಂ. ಹಿಂದಿನ ಹಂಗಾಮಿನ ಶೀಟ್‌ನಲ್ಲಿ ಹಳೆಯ ವಿಳಾಸ ಎಡಿಟರ್ ಆಗಿಯೇ ಇತ್ತು, ತೆಗೆದೆ. ಫೋಲ್ಡರ್ ಶೇರಿಂಗ್‌ನಲ್ಲಿ ಮಾಲೀಕರು ಮತ್ತು ಲೆಕ್ಕಪರಿಶೋಧಕರನ್ನು ಬಿಟ್ಟು ಬೇರೆ ಯಾರೂ ಇಲ್ಲ. ಡೌನ್‌ಲೋಡ್‌ನಲ್ಲಿ ಹೊಸ ಕೀಯ ಒಂದು ಪ್ರತಿ ಸಿಕ್ಕಿತು, ಅದನ್ನೂ ಅಳಿಸಿದೆ. ಹೊಸ ಪ್ರಾಜೆಕ್ಟ್ ನನ್ನ ಸ್ವಂತ ಜಿಮೇಲ್‌ನಲ್ಲಿದೆ. ನಾಳೆ ಮಾಲೀಕರನ್ನು ಕೂರಿಸಿಕೊಂಡು ಅಂಗಡಿಯ ಖಾತೆಯಲ್ಲಿ ಬೇರೆ ಪ್ರಾಜೆಕ್ಟ್ ಮಾಡಿ, ಹೊಸ ಕೀ ಹಾಕಿ, ಈಗಿನದನ್ನು ರದ್ದು ಮಾಡುತ್ತೇನೆ. ಸ್ಕ್ರಿಪ್ಟ್ ಬರೆದುಕೊಟ್ಟವರಿಗೂ ಸಂದೇಶ ಕಳಿಸಿದ್ದೇನೆ.